‘ಹೂಂ’ ಅಂದರೆ ಸಾಲದು: ಮಂಡಿ ಆಪರೇಷನ್‌ಗೆ ಮೊದಲು ಮಲೆನಾಡಿನ ಮನೆಯೊಂದು ಕಲಿಯಬೇಕಾದ ಪಾಠ

ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ನನ್ನೆದುರು ಕೂತಿದ್ದರು. ಇನ್ನು ಮೂರು ವಾರಕ್ಕೆ ಬಲಗಾಲಿನ ಮಂಡಿ ಆಪರೇಷನ್. ನಾನು ಮೆಟ್ಟಿಲು ಹತ್ತುವ ಪಾಠ ಹೇಳುತ್ತಿದ್ದೆ.

‘ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಗೊತ್ತಾಯ್ತಾ ಅಜ್ಜಿ?’

‘ಹೂಂ.’

‘ಮಲಗುವಾಗ ಮಂಡಿ ಕೆಳಗೆ ದಿಂಬು ಇಡಬಾರದು.’

‘ಹೂಂ, ಹೂಂ.’

ಹತ್ತು ನಿಮಿಷದಲ್ಲಿ ಹದಿನೈದು ಹೂಂ ಆಗಿರಬೇಕು. ಆಮೇಲೆ ‘ಒಂದ್ಸಲ ಹತ್ತಿ ತೋರಿಸಿ’ ಅಂದೆ. ಅಜ್ಜಿ ಎದ್ದು, ಸೆರಗು ಸಿಕ್ಕಿಸಿಕೊಂಡು, ನೋವಿರುವ ಬಲಗಾಲನ್ನೇ ಮೆಟ್ಟಿಲ ಮೇಲಿಟ್ಟರು.

‘ಅಜ್ಜಿ, ಅದಲ್ಲ!’

‘ಎಂತ ಮಾಡೋದು ತಂಗಿ, ಬಲಗಾಲೇ ಅಲ್ವಾ ಮೊದಲು ಇಡೋದು?’

ಅವರ ತಪ್ಪೇನಿಲ್ಲ. ಮದುವೆಯಾಗಿ ಬಂದ ದಿನದಿಂದ ಹೊಸ್ತಿಲು ದಾಟಿದ ಅಭ್ಯಾಸ ಅದು. ಹತ್ತು ನಿಮಿಷದ ನನ್ನ ಮಾತು ಅದರೆದುರು ನಿಲ್ಲುತ್ತದೆಯೇ? ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವ ನಾನು ಆವತ್ತಿನಿಂದ ಹೂಂ ಎಣಿಸುವುದು ಬಿಟ್ಟೆ. ‘ಮಾಡಿ ತೋರಿಸಿ’ ಅನ್ನುತ್ತೇನೆ. ಮಾಡಿ ತೋರಿಸಿದರೆ ಮಾತ್ರ ಗೊತ್ತಾಗಿದೆ ಅಂತ ಲೆಕ್ಕ.

ಪೇಟೆಯಲ್ಲಾದರೆ ಮನೆಗೆ ಹೋದ ಮೇಲೂ ಫಿಸಿಯೋದವರು ಬಾಗಿಲಿಗೇ ಬಂದು ವ್ಯಾಯಾಮ ಮಾಡಿಸುತ್ತಾರೆ. ನಮ್ಮಲ್ಲಿ? ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಸಾಗರಕ್ಕೆ 70ರ ಮೇಲೆ. ಅಲ್ಲಿಂದ ಒಳಗೆ ಮಣ್ಣುರಸ್ತೆ, ಕೊನೆಗೆ ತೋಟದ ಬದಿಯ ಕಾಲುದಾರಿ. ಆಪರೇಷನ್ ಆಗಿ ನಾಲ್ಕೈದು ದಿನಕ್ಕೆ ಡಿಸ್ಚಾರ್ಜ್ ಮಾಡುತ್ತಾರೆ. ಮತ್ತೆ ಮುಖ ನೋಡುವುದು ಹೊಲಿಗೆ ಬಿಚ್ಚುವ ದಿನ, ಅಂದರೆ ಸುಮಾರು ಎರಡು ವಾರಕ್ಕೆ. ನಡುವಿನ ದಿನಗಳಲ್ಲಿ ಆ ಮಂಡಿಗೆ ಮನೆಯವರೇ ಫಿಸಿಯೋ, ಮನೆಯವರೇ ನರ್ಸು. ಆಮೇಲೆ ಹೇಳಿಕೊಟ್ಟರಾಯಿತು ಅನ್ನುವ ಅನುಕೂಲ ನಮಗಿಲ್ಲ. ಕಲಿಯುವುದೆಲ್ಲ ಮೊದಲೇ ಆಗಬೇಕು.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಆಪರೇಷನ್‌ಗೆ ಮೊದಲು ಪಾಠ ಹೇಳಿದರೆ ನೋವು ಕಡಿಮೆ ಆಗುತ್ತದೆ, ಬೇಗ ಓಡಾಡುತ್ತಾರೆ ಅಂತ ಹೇಳುವವರು ಜಾಸ್ತಿ. ಲೆಕ್ಕ ಅಷ್ಟು ಸುಲಭ ಇಲ್ಲ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2014ರಲ್ಲಿ ಈ ವಿಷಯ ಕೈಗೆತ್ತಿಕೊಂಡಿತ್ತು. ಸೊಂಟದ ಕೀಲು, ಮಂಡಿ ಎರಡೂ ಸೇರಿ 18 ಅಧ್ಯಯನ, 1,463 ರೋಗಿಗಳು. ಮಾಮೂಲಿ ಆರೈಕೆಗಿಂತ ಈ ಪಾಠದಿಂದ ನೋವು, ಆತಂಕ, ಓಡಾಟದಲ್ಲಿ ಜಾಸ್ತಿ ಲಾಭ ಆಯಿತು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ತೊಂದರೆಯೂ ಇಲ್ಲ ಅಂದರು. ತುಂಬಾ ಹೆದರುವವರಿಗೆ, ಮನಸ್ಸು ಕುಗ್ಗಿದವರಿಗೆ, ಆಗದ್ದನ್ನು ನಿರೀಕ್ಷಿಸುವವರಿಗೆ ಅವರವರಿಗೆ ತಕ್ಕಂತೆ ಹೇಳಿದರೆ ಉಪಯೋಗ ಆದೀತು ಅಂತಲೂ ಸೇರಿಸಿದರು.

ಇದನ್ನು ಓದಿ ನನಗೆ ಬೇಜಾರೇನೂ ಆಗಲಿಲ್ಲ. ಕೈಗೊಂದು ಬಣ್ಣದ ಪತ್ರ ಕೊಟ್ಟು ಕಳಿಸುವುದನ್ನೇ ಪಾಠ ಅಂದುಕೊಂಡರೆ ಇನ್ನೇನು ಫಲ ಸಿಗುತ್ತದೆ? ಎಷ್ಟೋ ಕಡೆ ಆಪರೇಷನ್‌ನ ಹಿಂದಿನ ಸಂಜೆ, ಕೈಗೆ ಸೂಜಿ ಚುಚ್ಚಿ ಮಲಗಿಸಿದ ಮೇಲೆ, ಗಡಿಬಿಡಿಯಲ್ಲಿ ನಾಲ್ಕು ಮಾತು ಹೇಳಿ ಮುಗಿಸುತ್ತಾರೆ. ಹೆದರಿದ ಕಿವಿಗೆ ಏನೂ ಕೇಳಿಸುವುದಿಲ್ಲ. ಮೂರ್ನಾಲ್ಕು ವಾರ ಮೊದಲು ಶುರು ಮಾಡಿದರೆ ಮಾತ್ರ ಇದಕ್ಕೊಂದು ಅರ್ಥ.

ಈಗ ಆಪರೇಷನ್ ಅಂದರೇನು ನೋಡೋಣ. ಜನ ಇದಕ್ಕೆ ‘ಮಂಡಿ ಚಿಪ್ಪು ಬದಲಾಯಿಸುವುದು’ ಅನ್ನುತ್ತಾರೆ. ಹೆಸರಲ್ಲೇ ಎಡವಟ್ಟು. ಚಿಪ್ಪು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಕೆಲವರಿಗೆ ಅದರ ಒಳಮೈಗೆ ಗುಮ್ಮಟದಾಕಾರದ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಕೂರಿಸುತ್ತಾರೆ, ಅಷ್ಟೇ. ಬದಲಾಗುವುದು ಮೂಳೆಗಳ ತುದಿ. ತೊಡೆಯ ಮೂಳೆಯ ಕೆಳತುದಿ ಮತ್ತು ಕಾಲಿನ ಮೂಳೆಯ ಮೇಲ್ತುದಿ ಮಂಡಿಯಲ್ಲಿ ಸೇರುತ್ತವೆ. ಎರಡರ ಮೇಲೂ ನುಣುಪಾದ ಮೆತ್ತನೆ ಪದರ ಇರುತ್ತದೆ. ಅದು ಸವೆದು ಹೋದಾಗ ಮೂಳೆಗೆ ಮೂಳೆ ಉಜ್ಜುತ್ತದೆ. ಎಕ್ಸ್‌ರೇ ತೋರಿಸಿ ಡಾಕ್ಟರು ‘ಗ್ಯಾಪೇ ಇಲ್ಲ’ ಅನ್ನುತ್ತಾರಲ್ಲ, ಅದು ಇದೇ.

ಆಪರೇಷನ್‌ನಲ್ಲಿ ಆ ಸವೆದ ತುದಿಗಳನ್ನು ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆಯುತ್ತಾರೆ. ತೊಡೆಮೂಳೆಗೆ ಲೋಹದ ಟೋಪಿ, ಹೆಚ್ಚಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ್ದು. ಕಾಲಿನ ಮೂಳೆಗೆ ಲೋಹದ ತಟ್ಟೆ. ಎರಡರ ನಡುವೆ ಜಾರಲಿ ಅಂತ ಗಟ್ಟಿ ಪಾಲಿಥಿಲೀನ್ ಪ್ಲಾಸ್ಟಿಕ್. ಸವೆದ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸಿದ ಹಾಗೆ. ಚಕ್ರ ಹಳೆಯದೇ, ನೆಲಕ್ಕೆ ತಾಗುವ ಮೈ ಮಾತ್ರ ಹೊಸದು. ಅದನ್ನು ಎಳೆಯುವ ಎತ್ತು ಯಾವುದು? ತೊಡೆಯ ಮುಂಭಾಗದ ಸ್ನಾಯು. ಅದನ್ನು ಯಾರೂ ಹೊಸದಾಗಿ ಹಾಕಿಕೊಡುವುದಿಲ್ಲ. ವ್ಯಾಯಾಮದ ಗುಟ್ಟೆಲ್ಲ ಇಲ್ಲಿದೆ.

ಈಗ ಬಳಕೆಯಲ್ಲಿರುವ ಮಂಡಿಗಳ ಮೂಲ ಮಾದರಿ ಬಂದದ್ದು 1974ರಲ್ಲಿ, ನ್ಯೂಯಾರ್ಕಿನಲ್ಲಿ. ಅದನ್ನು ರೂಪಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಡಾಕ್ಟರ್ ಚಿತ್ತರಂಜನ್ ರಾಣಾವತ್ ಒಬ್ಬರು. ಪ್ರಧಾನಿಯಾಗಿದ್ದಾಗ ವಾಜಪೇಯಿಯವರ ಎರಡು ಮಂಡಿಗೂ, 2000 ಮತ್ತು 2001ರಲ್ಲಿ, ಮುಂಬೈಯಲ್ಲಿ ಆಪರೇಷನ್ ಮಾಡಿದ್ದು ಇವರೇ. ‘ವಾಜಪೇಯಿಗೆ ಮಾಡಿದ್ರಲ್ಲ, ಅದೇ ಅಲ್ವಾ?’ ಅಂತ ಈಗಲೂ ವಯಸ್ಸಾದವರು ಕೇಳುತ್ತಾರೆ. ಹೌದು, ಅದೇ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ದಾಟಿದ್ದ ಮಾಮೂಲಿ ಕೋಬಾಲ್ಟ್-ಕ್ರೋಮಿಯಂ ಮಂಡಿ ಆಗ 54,720 ರೂಪಾಯಿಗೆ ಇಳಿಯಿತು. ಆಮೇಲೆ ಸ್ವಲ್ಪ ಏರುಪೇರು ಆಗಿದೆ. ಇದು ಬರೀ ಕೀಲಿನ ಬೆಲೆ. ಆಸ್ಪತ್ರೆ ಖರ್ಚು ಬೇರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ದಿನ ಗೊತ್ತು ಮಾಡುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರ ಕೂತು ಏನೇನು ಸಿಗುತ್ತದೆ ಅಂತ ಕೇಳಿ ಬರಬೇಕು. ಅಡ್ಮಿಟ್ ಆದ ಮೇಲೆ ಓಡಾಡುವ ಕೆಲಸ ಅಲ್ಲ ಅದು.

ನನ್ನ ಪ್ರಕಾರ ಪಾಠದ ಅತಿ ಮುಖ್ಯ ಭಾಗ ಒಂದೇ ಪ್ರಶ್ನೆ: ‘ಆಪರೇಷನ್ ಆದ ಮೇಲೆ ಏನು ಮಾಡಬೇಕು ಅಂತಿದ್ದೀರಿ?’

ಪೇಟೆಯವರು ವಾಕಿಂಗ್ ಅನ್ನುತ್ತಾರೆ. ನಮ್ಮ ಹಳ್ಳಿಯ ಹೆಂಗಸರು ಹೇಳುವ ಉತ್ತರವೇ ಬೇರೆ. ‘ಅಡಿಕೆ ಸುಲಿಯೋಕೆ ಕೂರಬೇಕು.’ ‘ಹಾಲು ಕರೀಬೇಕು.’ ‘ದೇವರ ಮುಂದೆ ಪದ್ಮಾಸನ ಬೇಡ, ಚಕ್ಕಳಮಕ್ಕಳ ಆದ್ರೂ ಕೂರಬೇಕು.’ ಇಲ್ಲೇ ಸುಮ್ನೆ ‘ಎಲ್ಲ ಆಗುತ್ತೆ’ ಅಂದುಬಿಟ್ಟರೆ ಆಮೇಲೆ ನಾವೇ ತಲೆ ತಗ್ಗಿಸಬೇಕಾಗುತ್ತದೆ. ಲೆಕ್ಕ ಹೀಗಿದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿ 65-70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು. ಕುರ್ಚಿಯಿಂದ ಸಲೀಸಾಗಿ ಏಳಲು 100 ಇದ್ದರೆ ಚೆನ್ನ. ಕುಕ್ಕರುಗಾಲಲ್ಲಿ ಕೂರಲು 130 ದಾಟಬೇಕು. ಹೊಸ ಮಂಡಿ ಹೆಚ್ಚಿನವರಿಗೆ 110ರಿಂದ 120ರವರೆಗೆ ಮಡಚುತ್ತದೆ.

ಅಂದರೆ ನಡಿಗೆ ಬಂತು, ಮೆಟ್ಟಿಲು ಬಂತು, ಕುರ್ಚಿ ಬಂತು. ನೆಲದ ಮೇಲೆ ಕೂತು ಅಡಿಕೆ ಸುಲಿಯುವ ಮೆಟ್ಟುಗತ್ತಿ ಹೋಯಿತು. ಅದಕ್ಕೂ ದಾರಿ ಇಲ್ಲದಿಲ್ಲ. ಮೆಟ್ಟುಗತ್ತಿಯನ್ನು ಎತ್ತರದ ಮಣೆಗೆ ಕೂರಿಸಿಕೊಂಡು ಸ್ಟೂಲಿನ ಮೇಲೆ ಕೂತು ಸುಲಿಯುವವರನ್ನು ನೋಡಿದ್ದೇನೆ. ನೆಲದ ಮೇಲೆ ಕೂತ ಸೊಗಸು ಅದಕ್ಕೆ ಬರುವುದಿಲ್ಲ ಅಂತ ಅವರೇ ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ಇದು ಮೊದಲೇ ಗೊತ್ತಿದ್ದವರು ಸ್ಟೂಲು ಹುಡುಕುತ್ತಾರೆ. ಗೊತ್ತಿಲ್ಲದವರು ಡಾಕ್ಟರನ್ನು ಬೈಯುತ್ತಾರೆ. ಕೆನಡಾದಲ್ಲಿ ಸುಮಾರು 1,700 ರೋಗಿಗಳನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಐವರಲ್ಲಿ ಒಬ್ಬರಿಗೆ ಮಂಡಿ ಆಪರೇಷನ್ ತೃಪ್ತಿ ಕೊಟ್ಟಿರಲಿಲ್ಲ. ಅಂದುಕೊಂಡದ್ದು ಆಗದಿರುವುದೇ ಅದಕ್ಕೆ ದೊಡ್ಡ ಕಾರಣವಾಗಿತ್ತು. ಕೀಲು ಕೆಟ್ಟು ಹೋಗುತ್ತದೆ ಅನ್ನುವ ಭಯಕ್ಕಿಂತ ಇದೇ ದೊಡ್ಡದು. ಕೀಲಿನ ಬಾಳಿಕೆಯೇನೋ ಚೆನ್ನಾಗಿಯೇ ಇದೆ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಲ್ಲಿ ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ.

ಇನ್ನು ಮೈ ತಯಾರಿ. ಇಲ್ಲಿ ಎಲ್ಲರ ಕಣ್ಣೂ ಒಂದೇ ಶತ್ರುವಿನ ಮೇಲೆ: ಕೀವು. ಲೋಹದ ಮೇಲೆ ಸೋಂಕು ಹತ್ತಿದರೆ ಬರೀ ಮಾತ್ರೆಗೆ ಬಗ್ಗುವುದು ಕಷ್ಟ. ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ. ಅದಕ್ಕೇ ಸಕ್ಕರೆ ಕಾಯಿಲೆ ಇದ್ದವರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುತ್ತಾರೆ. ಅದು ಏಳೂವರೆ, ಎಂಟರೊಳಗೆ ಬರಲಿ ಅಂತ ಬಹಳ ಡಾಕ್ಟರು ಕಾಯುತ್ತಾರೆ.

ಮಲೆನಾಡಿಗೆ ಅಂತಲೇ ಕೆಲವು ವಿಷಯ ಇವೆ. ಕಾಲು ನೋಡುತ್ತೇನೆ ಅಂದರೆ ಎಲ್ಲರೂ ಮಂಡಿ ತೋರಿಸುತ್ತಾರೆ. ನಾನು ಬೆರಳ ಸಂದು ನೋಡುತ್ತೇನೆ. ಮಳೆಗಾಲವಿಡೀ ಗದ್ದೆ, ತೋಟ, ಕೊಟ್ಟಿಗೆಯಲ್ಲಿ ನೆನೆದ ಕಾಲಿಗೆ ಕೆಸರುಹುಣ್ಣು ಗ್ಯಾರಂಟಿ. ಉಂಬಳ (ಜಿಗಣೆ) ಕಚ್ಚಿದ ಜಾಗವನ್ನು ಕೆರೆದು ಕೆರೆದು ಗಾಯ ಮಾಡಿಕೊಂಡಿರುತ್ತಾರೆ. ಹಿಮ್ಮಡಿ ಒಡೆದು ಬಿರುಕು ಬಿಟ್ಟಿರುತ್ತದೆ. ‘ಇದೆಲ್ಲ ಒಂದು ಗಾಯವಾ?’ ಅಂತ ನಗುತ್ತಾರೆ. ಬ್ಯಾಕ್ಟೀರಿಯಾಕ್ಕೆ ಇದೇ ಹೆಬ್ಬಾಗಿಲು. ಇವೆಲ್ಲ ಒಣಗಿ ಚರ್ಮ ಕೂಡಿದ ಮೇಲೇ ಆಪರೇಷನ್.

ಎರಡನೆಯದು ಕವಳ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಅದನ್ನು ಹೇಳುವುದೇ ಇಲ್ಲ. ‘ಬೀಡಿ ಸೇದ್ತೀರಾ?’ ಅಂದರೆ ‘ಛೆ, ಇಲ್ಲ’ ಅನ್ನುತ್ತಾರೆ. ಸತ್ಯವೇ. ಆದರೆ ಹೊಗೆಸೊಪ್ಪಿನ ನಿಕೋಟಿನ್ ಬಾಯಿಂದ ಬಂದರೂ ರಕ್ತನಾಳ ಕುಗ್ಗಿಸುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಕನಿಷ್ಠ ನಾಲ್ಕು ವಾರ ಮೊದಲು ಬಿಡಬೇಕು. ಹುಳುಕು ಹಲ್ಲು, ಒಸಡಿನ ಕೀವು ಇದ್ದರೆ ಅದನ್ನೂ ಮೊದಲೇ ರಿಪೇರಿ ಮಾಡಿಸಬೇಕು.

ಮೂರನೆಯದು ಮುಚ್ಚಿಟ್ಟ ಔಷಧಿ. ಮಂಡಿ ನೋವಿಗೆ ಮಲೆನಾಡಿನಲ್ಲಿ ಎಣ್ಣೆ, ಲೇಪ, ಕಷಾಯ, ಪುಡಿ ಏನುಂಟು ಏನಿಲ್ಲ! ಹೇಳಲು ನಾಚಿಕೆ ಬೇಡ. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು. ಅರಿವಳಿಕೆ ಕೊಡುವವರಿಗೆ ಅದು ಗೊತ್ತಿರಲೇಬೇಕು. ಮಂಡಿಯೊಳಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಯಾವಾಗ ಅಂತ ತಾರೀಖು ಸಮೇತ ಹೇಳಿ. ಸ್ಟೆರಾಯ್ಡ್ ಚುಚ್ಚಿ ಮೂರು ತಿಂಗಳು ಆಗುವ ಮೊದಲು ಆಪರೇಷನ್ ಮಾಡಿದರೆ ಸೋಂಕಿನ ಅಪಾಯ ಜಾಸ್ತಿ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ತಾವಾಗಿಯೇ ನಿಲ್ಲಿಸಬಾರದು, ಹೇಳದೆ ಮುಂದುವರಿಸಲೂಬಾರದು. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಎಣ್ಣೆ ಬಾಟಲಿಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಬನ್ನಿ ಅನ್ನುತ್ತೇನೆ. ಚೀಲ ಸುಳ್ಳು ಹೇಳುವುದಿಲ್ಲ.

ವ್ಯಾಯಾಮಕ್ಕೆ ಮಿಷನ್ ಬೇಡ, ಟವೆಲ್ ಸಾಕು. ಮಂಚದ ಮೇಲೆ ಕಾಲು ಚಾಚಿ ಕೂತು, ಸುರುಳಿ ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು ಒತ್ತಬೇಕು. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಕಲ್ಲಿನ ಹಾಗೆ ಗಟ್ಟಿಯಾಗುವುದು ಗೊತ್ತಾಗುತ್ತದೆ. ಐದು ಎಣಿಸಿ ಬಿಡಿ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ವ್ಯಾಯಾಮ ಮುಗಿದ ಕೂಡಲೇ ಟವೆಲ್ ತೆಗೆದಿಡಿ. ಆಮೇಲೆ ಕಾಲು ನೇರ ಇಟ್ಟುಕೊಂಡೇ ಒಂದು ಗೇಣು ಮೇಲೆತ್ತುವುದು. ಪಾದವನ್ನು ಹಿಂದೆ ಮುಂದೆ ಆಡಿಸುವುದು. ತೋಳಿಗೂ ಕೆಲಸ ಇದೆ. ಕುರ್ಚಿಯ ಕೈಗಳನ್ನು ಒತ್ತಿ ಮೈ ಎತ್ತುವುದು, ಯಾಕೆಂದರೆ ಮೊದಲ ವಾರಗಳಲ್ಲಿ ವಾಕರ್ ಮೇಲೆ ಅರ್ಧ ಭಾರ ಹೊರುವುದು ತೋಳೇ. ವಾಕರ್ ಸಹ ಮೊದಲೇ ತಂದು ಜಗಲಿಯಲ್ಲಿ ನಾಲ್ಕು ದಿನ ನಡೆದು ನೋಡಬೇಕು. ನೋವಿನ ನಡುವೆ ಹೊಸ ವಿದ್ಯೆ ಹತ್ತುವುದಿಲ್ಲ.

ಈಗ ದಿಂಬಿನ ಕಥೆ, ಅದು ನನ್ನದೇ ತಪ್ಪು. ಕೆಲವು ವರ್ಷಗಳ ಹಿಂದೆ ಹೊಸನಗರ ಕಡೆಯ ಹಿರಿಯರೊಬ್ಬರಿಗೆ ಎಲ್ಲ ಪಾಠ ಹೇಳಿದ್ದೆ. ಪಕ್ಕದಲ್ಲಿ ಕೂತಿದ್ದದ್ದು ಬೆಂಗಳೂರಿಂದ ಬಂದ ಮಗ. ತುಂಬ ಚೆನ್ನಾಗಿ ನೋಟ್ಸ್ ಬರೆದುಕೊಂಡ. ಡಿಸ್ಚಾರ್ಜ್ ಆದ ಮೂರನೇ ದಿನಕ್ಕೆ ನೋಟ್ಸ್ ಸಮೇತ ಬೆಂಗಳೂರಿಗೆ ಹೋದ. ಮನೆಯಲ್ಲಿ ಉಳಿದದ್ದು ಹೆಂಡತಿ. ಅವರಿಗೆ ನಾನು ಒಂದು ಮಾತೂ ಹೇಳಿರಲಿಲ್ಲ. ಗಂಡ ನರಳುವುದು ನೋಡಲಾಗದೆ ಪ್ರತಿ ರಾತ್ರಿ ಮಂಡಿ ಕೆಳಗೆ ಮೆತ್ತನೆಯ ದಿಂಬು ಇಟ್ಟರು. ಹಾಯಾಗಿರುತ್ತದೆ, ನಿಜ. ಆದರೆ ಮಡಚಿಕೊಂಡೇ ಮಲಗಿದ ಮಂಡಿ ಹಾಗೆಯೇ ಬಿಗಿದುಕೊಳ್ಳುತ್ತದೆ. ಆರು ವಾರಕ್ಕೆ ಬಂದಾಗ ಕಾಲು ನೇರ ಆಗುತ್ತಿರಲಿಲ್ಲ. ಕುಂಟು ಹೋಗಲು ತಿಂಗಳುಗಟ್ಟಲೆ ಹಿಡಿಯಿತು. ಕಾಲು ಎತ್ತರಿಸಬೇಕಾದರೆ ದಿಂಬು ಹಿಮ್ಮಡಿಯ ಕೆಳಗೆ, ಮಂಡಿ ಗಾಳಿಯಲ್ಲಿ. ಈಗ ನಾನು ಮೊದಲು ಕೇಳುವುದು ‘ದುಡ್ಡು ಯಾರು ಕಟ್ಟುತ್ತಾರೆ’ ಅಂತ ಅಲ್ಲ, ‘ರಾತ್ರಿ ಎದ್ದು ಬಚ್ಚಲಿಗೆ ಕರೆದುಕೊಂಡು ಹೋಗುವವರು ಯಾರು’ ಅಂತ. ಅವರು ಪಾಠಕ್ಕೆ ಬರಬೇಕು. ದನಕರು ನೋಡಲು ಪಕ್ಕದ ಮನೆಯವರಿಗೆ ಹೇಳಿ ಬಂದರೂ ಸರಿ.

ಬಚ್ಚಲು ಅಂದೆನಲ್ಲ, ಮನೆಯ ಪಾಠ ಅಲ್ಲಿಂದಲೇ ಶುರು. ಫೋನಿನಲ್ಲಿ ಮನೆಯ ವಿಡಿಯೋ ಮಾಡಿ ತರಲು ಹೇಳುತ್ತೇನೆ. ಜೀಪು ನಿಲ್ಲುವ ಜಾಗದಿಂದ ಮಂಚದವರೆಗೆ, ಮಂಚದಿಂದ ಬಚ್ಚಲವರೆಗೆ, ಎಲ್ಲೂ ನಿಲ್ಲಿಸದೆ. ಆ ಎರಡು ನಿಮಿಷದ ವಿಡಿಯೋ ಎಕ್ಸ್‌ರೇಗಿಂತ ಜಾಸ್ತಿ ಹೇಳುತ್ತದೆ. ಹಳೆ ಮನೆಗಳಲ್ಲಿ ಬಚ್ಚಲು ಹಿತ್ತಿಲಲ್ಲಿ, ಎರಡು ಮೆಟ್ಟಿಲು ಕೆಳಗೆ. ನಡುವೆ ಪಾಚಿ ಕಟ್ಟಿದ ಕಲ್ಲು. ಬಾಗಿಲು ಎಷ್ಟು ಕಿರಿದೆಂದರೆ ವಾಕರ್ ಅಡ್ಡ ಮಾಡಿದರೂ ತೂರುವುದಿಲ್ಲ, ಅಳೆದೇ ನೋಡಬೇಕು. ರಾತ್ರಿ ಕರೆಂಟ್ ಹೋಗಿದ್ದರಂತೂ ಕೇಳುವುದೇ ಬೇಡ. ಇದಕ್ಕೆಲ್ಲ ಸುಲಭದ ಪರಿಹಾರ, ಮೆಡಿಕಲ್ ಶಾಪಿನಲ್ಲಿ ಸಿಗುವ ಕಮೋಡ್ ಕುರ್ಚಿ. ಮಂಚದ ಪಕ್ಕದಲ್ಲೇ ಇಡಬಹುದು. ಮೊದಲು ಎಲ್ಲರೂ ಮುಖ ಸಿಂಡರಿಸುತ್ತಾರೆ. ಎರಡನೇ ರಾತ್ರಿಗೆ ಸರಿ ಹೋಗುತ್ತದೆ. ಕಾಲೊರಸು, ಚಾಪೆ ಎತ್ತಿಡಿ. ಟಾರ್ಚ್ ಕೈಗೆಟುಕಲಿ. ಕಾಲು ಸಂದಿಯಲ್ಲಿ ನುಗ್ಗುವ ಬೆಕ್ಕು ನಾಯಿಗಳಿಗೂ ಒಂದು ವ್ಯವಸ್ಥೆ ಆಗಲಿ. ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಹೋಗುವ ಮನೆಯಾದರೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊರಲು ಗಟ್ಟಿ ಆಳು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ದಿನ ಆರಿಸುವುದೂ ಪಾಠದ ಭಾಗವೇ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆ ಕಡೆಯವರು ಜುಲೈಯಲ್ಲಿ ಆಪರೇಷನ್ ಮಾಡಿಸಿಕೊಂಡು ಅಂಗಳಕ್ಕೆ ಇಳಿಯುವುದಾದರೂ ಹೇಗೆ? ಅಡಿಕೆ ಕೊನೆಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಪಂಚಾಂಗ ನೋಡಿ ದಿನ ಹಿಡಿಯುವವರಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ಆರು ವಾರ ಮನೆಯಲ್ಲಿ ಒಬ್ಬರಿಗೆ ಬಿಡುವಿದೆಯಾ ಅಂತ ಮೊದಲು ನೋಡಿ, ಆಮೇಲೆ ರಾಹುಕಾಲ.

ಹಿಂದಿನ ದಿನಕ್ಕೆ ಎರಡೇ ಮಾತು. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಕೂರುತ್ತದೆ, ಬೇಕಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರ್‌ನಲ್ಲಿ ತೆಗೆಯುತ್ತಾರೆ. ಇನ್ನೊಂದು ಕಾಫಿ. ಸಾಮಾನ್ಯವಾಗಿ ಅರಿವಳಿಕೆಗೆ ಆರು ಗಂಟೆ ಮೊದಲು ಊಟ ತಿಂಡಿ ನಿಲ್ಲಬೇಕು, ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಾರದು ಅಂತ ಈ ಉಪವಾಸ. ‘ಏನೂ ತಿಂದಿಲ್ಲ, ಒಂದ್ಲೋಟ ಕಾಫಿ ಅಷ್ಟೇ’ ಅನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ. ಹಾಲು ಬಿದ್ದ ಕಾಫಿ ಊಟದ ಲೆಕ್ಕ. ಆಪರೇಷನ್ ಮುಂದಕ್ಕೆ ಹೋಗುತ್ತದೆ. ಕಾಫಿ ಇಲ್ಲದೆ ತಲೆ ಸಿಡಿಯುವವರು ಹಾಲಿಲ್ಲದ ಕಪ್ಪು ಕಾಫಿ ಆಗುತ್ತದಾ ಅಂತ ಅರಿವಳಿಕೆ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನೋವಿನ ಬಗ್ಗೆ ಸುಳ್ಳು ಹೇಳಬಾರದು. ಮೊದಲ ಎರಡು ವಾರ ಚೆನ್ನಾಗಿಯೇ ನೋಯುತ್ತದೆ. ಮಾತ್ರೆ ತಗೊಂಡು ಅರ್ಧ ಮುಕ್ಕಾಲು ಗಂಟೆ ಬಿಟ್ಟು ವ್ಯಾಯಾಮ ಮಾಡಬೇಕು. ನೋವು ಅಂತ ಮಲಗಿಬಿಟ್ಟರೆ ಮಂಡಿ ಬಿಗಿಯುತ್ತದೆ. ಮಂಡಿ ಕೆಲವು ತಿಂಗಳು ಬೆಚ್ಚಗಿರುತ್ತದೆ, ಗಾಯದ ಹೊರಬದಿಯಲ್ಲಿ ಜೋಮು ಹಿಡಿದ ಹಾಗಿರುತ್ತದೆ, ನಡೆಯುವಾಗ ಟಕ್ ಟಕ್ ಅನ್ನಬಹುದು. ಇದಕ್ಕೆಲ್ಲ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಬೇರೆ. ಮೀನಖಂಡ ಊದಿ ನೋಯುವುದು, ಚಳಿಜ್ವರ, ಗಾಯದಿಂದ ನೀರು ಅಥವಾ ಕೀವು ಸೋರುವುದು ಕಂಡರೆ ಅದೇ ದಿನ ಫೋನ್ ಮಾಡಿ. ದಿಢೀರ್ ಉಸಿರುಕಟ್ಟುವುದು, ಎದೆನೋವು ಬಂದರೆ ಕಾಯುವ ಮಾತೇ ಇಲ್ಲ, ತಕ್ಷಣ ಹತ್ತಿರದ ಆಸ್ಪತ್ರೆಗೆ. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು. ಈ ಲಕ್ಷಣಗಳನ್ನು, ಜೊತೆಗೆ ಫೋನ್ ನಂಬರನ್ನು, ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಲು ಹೇಳುತ್ತೇನೆ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅನ್ನುವುದನ್ನೂ.

ಬಲಗಾಲಿನ ಅಜ್ಜಿ ಹೊಲಿಗೆ ಬಿಚ್ಚಿಸಲು ಬಂದಿದ್ದರು. ಸೊಸೆ ಜೊತೆಗಿದ್ದರು. ವಾಕರ್ ಹಿಡಿದು ಮೆಟ್ಟಿಲ ಹತ್ತಿರ ಬಂದ ಅಜ್ಜಿ, ನಾನು ಬಾಯಿ ಬಿಡುವ ಮೊದಲೇ ಎಡಗಾಲು ಎತ್ತಿ ಇಟ್ಟರು. ‘ಮನೆ ಹೊಸ್ತಿಲನ್ನೂ ಹೀಗೇ ದಾಟಿದಿರಾ?’ ಅಂತ ಕೇಳಿದೆ.

‘ಹೂಂ. ದೇವರಿಗೆ ಮೊದಲೇ ಹೇಳಿಟ್ಟಿದ್ದೆ ತಂಗಿ, ಈ ಸಲ ಎಡಗಾಲು ಅಂತ.’